ಉಡಿ ತುಂಬಿಸಿಕೊಂಡು ಉದಗೀರಕ್ಕೆ

ನಾನು ಅರಬ್ಬಿ ಸಮುದ್ರದಿಂದ ಬಂಗಾಳ ಕೊಲ್ಲಿಯವರೆಗೆ ಸೈಕಲ್ ತುಳಿದಿದ್ದೇನೆ ಎಂದರೆ ಜನ ಮೊದಲು ನನ್ನ ಹೊಟ್ಟೆ ನೋಡುತ್ತಾರೆ, ಆಮೇಲೆ ವಯಸ್ಸು ಕೇಳುತ್ತಾರೆ. ಐವತ್ತೊಂದು ಎಂದರೆ ಇನ್ನೊಮ್ಮೆ ಹೊಟ್ಟೆ ನೋಡುತ್ತಾರೆ. ನೋಡಲಿ. ಹನ್ನೆರಡು ದಿನ, ಎಂಟು ಜನ ಸವಾರರು, ಹಿಂದೆ ಒಂದು ಟೆಂಪೊ. ರತ್ನಾಗಿರಿಯ ಹತ್ತಿರದ ದಂಡೆಯಲ್ಲಿ ಹಿಂದಿನ ಗಾಲಿಯನ್ನು ನೀರಿಗೆ ತಾಗಿಸಿ ಹೊರಟವಳು ಕಾಕಿನಾಡದ ದಂಡೆಯಲ್ಲಿ ಮುಂದಿನ ಗಾಲಿಯನ್ನು ನೀರಿಗೆ ಇಳಿಸಿದೆ. ಫೋಟೊ ಇದೆ, ಮನೆಗೆ ಬಂದವರು ಕೇಳದಿದ್ದರೂ ತೋರಿಸುತ್ತೇನೆ. ಆದರೆ ಗೆದ್ದದ್ದು ಯಾವ ದಿನ ಎಂದು ಕೇಳಿದರೆ ಸಮುದ್ರದ ದಿನವನ್ನು ಹೇಳುವುದಿಲ್ಲ. ಆರನೆಯ ದಿನವನ್ನು ಹೇಳುತ್ತೇನೆ. ಅವತ್ತು ನಳದುರ್ಗದಿಂದ ಹೊರಟು ಉಮರಗಾ, ನಿಲಂಗಾ ದಾಟಿ ಉದಗೀರ ಮುಟ್ಟಬೇಕಿತ್ತು. ಆ ಒಂದೇ ದಿನದ ದಾರಿಯಲ್ಲಿ ನನ್ನ ತವರುಮನೆಯೂ ಇತ್ತು, ಗಂಡನ ಮನೆಯೂ ಇತ್ತು.

ಟೆಂಪೊ ನಡೆಸುತ್ತಿದ್ದವರು ಲಾತೂರಿನ ಒಬ್ಬ ನಿವೃತ್ತ ಸೈನಿಕರು. ನಮ್ಮ ಹಾಸಿಗೆ, ಬಟ್ಟೆ, ನೀರು, ಬಾಳೆಹಣ್ಣು, ಪಂಕ್ಚರ್ ಸಾಮಾನು ಎಲ್ಲ ಅದರಲ್ಲಿ. ಸವಾರಿಯ ಯಜಮಾನರೂ ಅವರೇ, ಗಡಿಯಾರವೂ ಅವರೇ. ಅವರ ಕಾನೂನು ಒಂದೇ: ಸಂಜೆ ಆರರೊಳಗೆ ಆ ದಿನದ ಮುಕ್ಕಾಮು ಮುಟ್ಟಬೇಕು, ಮುಟ್ಟದವರು ಎಲ್ಲಿದ್ದರೂ ಸೈಕಲ್ ಸಮೇತ ಟೆಂಪೊ ಹತ್ತಬೇಕು. ಬೈಗುಳ ಇಲ್ಲ, ದಂಡ ಇಲ್ಲ. ಮರುದಿನ ಮತ್ತೆ ತುಳಿಯಬಹುದು. ಆದರೆ ದಂಡೆಯಿಂದ ದಂಡೆಗೆ ಪೂರ್ತಿ ತುಳಿದೆ ಎಂದು ಆಮೇಲೆ ಹೇಳಿಕೊಳ್ಳುವ ಹಾಗಿಲ್ಲ. ಐದು ದಿನಗಳಲ್ಲಿ ಮೂವರು ಟೆಂಪೊ ಹತ್ತಿ ಇಳಿದಿದ್ದರು. ಒಬ್ಬರಂತೂ ಒಳಗೆ ಕೂತು ಹಾಡು ಹೇಳುತ್ತ ಬಂದಿದ್ದರು. ಅವರಿಗೆ ಅದು ದೊಡ್ಡ ಮಾತಾಗಿರಲಿಲ್ಲ.

ನನಗೆ ದೊಡ್ಡ ಮಾತಾಗಿತ್ತು, ಅದರಲ್ಲೂ ಆ ಆರನೆಯ ದಿನ. ನಾನು ಹುಟ್ಟಿದ್ದು ಉಮರಗಾ ತಾಲೂಕಿನ ದಾಳಿಂಬದಲ್ಲಿ. ಕೊಟ್ಟದ್ದು ಉದಗೀರಕ್ಕೆ. ಮೂವತ್ತು ವರ್ಷ ಈ ಎರಡು ಮನೆಗಳ ನಡುವೆ ಓಡಾಡಿದ್ದೇನೆ, ಆದರೆ ಒಮ್ಮೆಯೂ ನಾನಾಗಿ ಹೋಗಿಲ್ಲ. ನನ್ನನ್ನು ಒಯ್ದಿದ್ದಾರೆ. ಪಂಚಮಿಗೆ ಅಣ್ಣ ಕರೆಯಲು ಬರುತ್ತಾನೆ, ವಾರ ಕಳೆದ ಮೇಲೆ ಗಂಡ ಬಂದು ಕರೆದುಕೊಂಡು ಹೋಗುತ್ತಾರೆ. ಅವರಿಗೆ ಬಿಡುವಿಲ್ಲದಿದ್ದರೆ ಮೈದುನ, ಯಾರೂ ಇಲ್ಲದಿದ್ದರೆ ಅಣ್ಣನೇ ಮುಟ್ಟಿಸಿ ಬರುತ್ತಾನೆ. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ಟ್ರೇನಿಂಗು, ಪೇಪರ್ ತಿದ್ದುವುದು ಎಂದು ಲಾತೂರು, ಪುಣೆ, ಔರಂಗಾಬಾದ್ ಎಲ್ಲ ಒಬ್ಬಳೇ ತಿರುಗಿದ್ದೇನೆ. ಯಾರೂ ಏನೂ ಅಂದಿಲ್ಲ. ಆದರೆ ತವರಿಗೂ ಗಂಡನ ಮನೆಗೂ ನಡುವಿನ ನೂರು ಚಿಲ್ಲರೆ ಕಿಲೋಮೀಟರಿಗೆ ಮಾತ್ರ ಜೊತೆಗೊಬ್ಬರು ಬೇಕೇ ಬೇಕು. ಬೇಡ ಎಂದು ಯಾರೂ ತಡೆದದ್ದಲ್ಲ. ಬೇರೆ ರೀತಿ ಇರಬಹುದು ಎಂದು ಯಾರಿಗೂ ಹೊಳೆದೇ ಇರಲಿಲ್ಲ. ನನಗೂ ಹೊಳೆದಿರಲಿಲ್ಲ ಎಂಬುದೇ ನನಗೆ ಸಿಟ್ಟು ಬರಿಸುವ ಮಾತು. ಸವಾರಿಯ ನಕಾಶೆಯಲ್ಲಿ ಈ ಎರಡು ಊರುಗಳನ್ನು ಒಂದೇ ಗೆರೆಯ ಮೇಲೆ ನೋಡಿದ ದಿನವೇ ನಿರ್ಧಾರ ಮಾಡಿದ್ದೆ. ಬೇರೆ ಯಾವ ದಿನ ಟೆಂಪೊ ಹತ್ತಿದರೂ ಹತ್ತೇನು, ಈ ದಿನ ಹತ್ತಲಾರೆ.

ದಾಳಿಂಬಕ್ಕೆ ಬಂದಾಗ ಬೆಳಗಿನ ಒಂಬತ್ತು. ಪುಷ್ಯದ ಚಳಿ ಇನ್ನೂ ಬಿಟ್ಟಿರಲಿಲ್ಲ. ಹೆದ್ದಾರಿಯ ಎರಡೂ ಕಡೆ ಜೋಳ ತೆನೆ ಕಟ್ಟಿ ನಿಂತಿತ್ತು. ಜೊತೆಯವರು ಮುಂದೆ ಹೋದರು. ಹದಿನೈದು ನಿಮಿಷ ಚಹಾ ಕುಡಿದು ಬರುತ್ತೇನೆ ಎಂದು ನಾನು ಊರೊಳಗೆ ತಿರುಗಿದೆ; ಟೆಂಪೊ ನನ್ನ ಹಿಂದೆ ಬಂತು. ಚಹಾ ತಯಾರಿತ್ತು. ಚಹಾದ ಜೊತೆಗೆ ನಾಲ್ಕು ಜನ ಮುತ್ತೈದೆಯರೂ ತಯಾರಿದ್ದರು. ನನ್ನ ವೈನಿ, ಅಂದರೆ ಅಣ್ಣನ ಹೆಂಡತಿ, ಮೊರದಲ್ಲಿ ಅಕ್ಕಿ, ತೆಂಗಿನಕಾಯಿ, ಬೆಲ್ಲ, ಅರಿಷಿಣ ಕೊಂಬು, ಕುಪ್ಪಸದ ಬಟ್ಟೆ ಎಲ್ಲ ಇಟ್ಟುಕೊಂಡು ಪಡಸಾಲೆಯಲ್ಲಿ ಕೂತಿದ್ದಳು. ಮನೆಮಗಳು ತವರಿಂದ ಗಂಡನ ಮನೆಗೆ ಹೊರಟರೆ ಖಾಲಿ ಉಡಿಯಲ್ಲಿ ಕಳಿಸುವುದಿಲ್ಲ, ಸೆರಗಿನ ಮಡಿಲಿಗೆ ಇವನ್ನೆಲ್ಲ ತುಂಬಿ ಕಳಿಸುತ್ತಾರೆ. ನಾನು ಇವತ್ತು ಸೈಕಲ್ ಸವಾರಿಯವಳು, ಹಾದು ಹೋಗುತ್ತಿರುವವಳು ಅಷ್ಟೇ ಎಂದು ಹೇಳಿ ನೋಡಿದೆ.

"ರಾತ್ರಿ ಎಲ್ಲಿ ಇರ್ತೀ?" ಎಂದಳು ವೈನಿ.

"ಉದಗೀರದಾಗ."

"ಅದು ಯಾರ ಊರು?"

ಮಣೆಯ ಮೇಲೆ ಕೂತೆ. ಅರಿಷಿಣ ಕುಂಕುಮ ಹಚ್ಚಿದರು. ಆಮೇಲೆ ವೈನಿ ಹಿಡಿ ಅಕ್ಕಿ ಎತ್ತಿಕೊಂಡು ಹಾಗೇ ನಿಂತುಬಿಟ್ಟಳು. ನನಗೆ ಸೆರಗು ಇರಲಿಲ್ಲ. ಮೈಮೇಲೆ ಇದ್ದದ್ದು ಸವಾರಿಯ ಹಳದಿ ಜೆರ್ಸಿ.

"ಕಿಸೆ ಅವ ನೋಡ್ ವೈನಿ, ಬೆನ್ನ ಹಿಂದ ಮೂರು," ಎಂದೆ.

"ಬೆನ್ನಿಗಿ ಯಾರರ ಉಡಿ ತುಂಬ್ತಾರೇನು?"

ಅಲ್ಲಿಂದ ಚರ್ಚೆ ಶುರುವಾಯಿತು. ಒಬ್ಬಳು ಮೇಲಿಂದ ಸೀರೆ ಸುತ್ತಿಕೋ ಎಂದಳು. ಸೀರೆ ಚೈನಿನಲ್ಲಿ ಸಿಕ್ಕರೆ ನಾನು ಉಮರಗಾ ದವಾಖಾನೆಗೆ ಹೋಗುತ್ತೇನೆ, ಉದಗೀರಕ್ಕಲ್ಲ ಎಂದೆ. ಇನ್ನೊಬ್ಬಳು ಹ್ಯಾಂಡಲಿಗೆ ಒಂದು ಚೀಲ ಕಟ್ಟಿ ಅದರಲ್ಲಿ ತುಂಬೋಣ ಎಂದಳು. ಮೂಲೆಯಲ್ಲಿ ಗೋಡೆಗೆ ಆತು ಕೂತಿದ್ದ ಅವ್ವ ನಡುವೆ ಬಾಯಿ ಹಾಕಿದಳು: "ಚೀಲಕ್ಕ ಉಡಿ ತುಂಬಿದ್ರ ಚೀಲ ಮುತ್ತೈದಿ ಆಗ್ತದ." ಎಲ್ಲರೂ ನಕ್ಕರು, ನಾನು ಗಡಿಯಾರ ನೋಡಿದೆ. ಅರ್ಧ ಗಂಟೆ ಹೋಗಿತ್ತು. ಅವ್ವ ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ ಹೇಳಿದಳು: "ಅಂಗಿ ತಿರುಗಿಸಿ ಹಾಕ್ಕೋ."

ಒಳಗೆ ಹೋಗಿ ಜೆರ್ಸಿಯನ್ನು ಹಿಂದುಮುಂದಾಗಿ ಹಾಕಿಕೊಂಡು ಬಂದೆ. ಜಿಪ್ಪು ಬೆನ್ನಿಗೆ, ಮೂರು ಕಿಸೆ ಹೊಟ್ಟೆಗೆ. ಐದು ಜನ ಐದೈದು ಹಿಡಿ ಅಕ್ಕಿ ಹಾಕಿದರು. ಅಕ್ಕಿ ಸೋರದ ಹಾಗೆ ವೈನಿ ಅದನ್ನು ಕುಪ್ಪಸದ ಬಟ್ಟೆಯಲ್ಲಿ ಗಂಟು ಕಟ್ಟಿ ಎಡಗಿಸೆಗೆ ತುರುಕಿದಳು, ಬೆಲ್ಲ ಮತ್ತು ಕೊಂಬು ಬಲಗಿಸೆಗೆ. ತೆಂಗಿನಕಾಯಿ ನಡುವಿನ ಕಿಸೆಯಲ್ಲಿ ಕೂತಿತು. ಎದ್ದು ನಿಂತರೆ ನನ್ನ ಪಾದ ನನಗೆ ಕಾಣಲಿಲ್ಲ.

ಬಾಗಿಲಲ್ಲಿ ಟೆಂಪೊದ ಯಜಮಾನರು ಕಾಯುತ್ತಿದ್ದರು. ನನ್ನ ಅವತಾರ ನೋಡಿ, ಇಷ್ಟು ಭಾರ ಯಾಕೆ, ಟೆಂಪೊದಲ್ಲಿ ಇಡಿ, ಸಂಜೆ ಕೊಡುತ್ತೇನೆ ಎಂದು ಮರಾಠಿಯಲ್ಲಿ ಹೇಳಿದರು. ವೈನಿ ಮರಾಠಿಯಲ್ಲೇ ಉತ್ತರಿಸಿದಳು: "ಓಟೀ ಗಾಡೀತ್ ಗೇಲೀ ತರ್ ಮುಲಗೀಪಣ್ ಗಾಡೀತಚ್ ಜಾತೇ." ಉಡಿ ಗಾಡಿಯಲ್ಲಿ ಹೋದರೆ ಮಗಳೂ ಗಾಡಿಯಲ್ಲೇ ಹೋದ ಹಾಗೆ. ಅವರೂ ಉಡಿಯ ರಿವಾಜು ಇರುವ ಮನೆಯವರೇ. ತಲೆ ಆಡಿಸಿ ಟೆಂಪೊ ಕಡೆ ನಡೆದರು. ನಾನು ವೈನಿಯ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಇವತ್ತು ನಾನೂ ಗಾಡಿಯಲ್ಲಿ ಹೋಗುವುದಿಲ್ಲ, ಉಡಿಯೂ ಹೋಗುವುದಿಲ್ಲ.

ಅಷ್ಟರಲ್ಲಿ ಅಣ್ಣ ಮೋಟರ್ ಸೈಕಲ್ ಹೊರಗೆ ತೆಗೆದಿದ್ದ. ತಲೆಗೆ ಟಾವೆಲ್ ಸುತ್ತಿಕೊಂಡು ತಯಾರಾಗಿ ನಿಂತಿದ್ದ.

"ನಡಿ, ಬಿಟ್ಟು ಬರ್ತೀನಿ. ನೀ ಮುಂದ ತುಳಿ, ನಾ ಹಿಂದಿಂದ ಬರ್ತೀನಿ."

"ಬ್ಯಾಡಣ್ಣ. ಇವತ್ತ ಯಾರೂ ಬಿಡೂದು ಬ್ಯಾಡ."

"ಹ್ಯಾಂಗ ಬ್ಯಾಡ? ಮಂದಿ ಏನಂತಾರ?"

"ಮಂದಿಗಿ ನಾ ಉತ್ತರ ಕೊಡ್ತೀನಿ. ನೀ ಒಳಗ ಹೋಗಿ ಚಹಾ ಕುಡಿ."

ಅವನ ಮುಖ ಸಣ್ಣದಾಯಿತು. ಪ್ರತಿ ಪಂಚಮಿಗೂ ತಪ್ಪದೆ ಬಂದ ಅಣ್ಣ. ಅವನಿಗೆ ನೋವು ಮಾಡಿದೆ ಎಂದು ನನಗೂ ಚುರುಕ್ ಎಂದಿತು. ಆದರೂ ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅವ್ವ ಕಟ್ಟೆಯವರೆಗೆ ಬಂದು, "ಒಬ್ಬಾಕಿನೇ?" ಎಂದಳು. "ಒಬ್ಬಾಕಿನೇ," ಎಂದೆ. ಹೋಗಿ ಬರ್ತೀನವ್ವ ಎಂದು ಸೈಕಲ್ ಹತ್ತಿದೆ. ಹತ್ತೂವರೆ ಆಗಿತ್ತು.

ಗಣಿತ ಕಲಿಸುವವಳಿಗೆ ಇದೊಂದು ಶಾಪ. ಕಾಲು ತುಳಿಯುತ್ತಿದ್ದರೆ ತಲೆ ಭಾಗಾಕಾರ ಮಾಡುತ್ತಿರುತ್ತದೆ. ನೂರಾ ಹನ್ನೆರಡು ಕಿಲೋಮೀಟರು, ಏಳೂವರೆ ಗಂಟೆ. ಊಟ, ನೀರು, ಏರು ಎಲ್ಲ ಸೇರಿ ತಾಸಿಗೆ ಹದಿನೈದು ಬೀಳಬೇಕು. ಹತ್ತೊಂಬತ್ತು ವರ್ಷದ ಹುಡುಗಿಯರಿಗೆ ಇದು ಆಟ. ನನಗೆ ಉಮರಗಾವರೆಗೂ ಆಟವೇ ಆಗಿತ್ತು. ಬಸ್ ಸ್ಟ್ಯಾಂಡಿನ ಮುಂದೆ ಶೇರ್ ಆಟೋದವರು ದಾರಿ ಬಿಟ್ಟು ನನ್ನನ್ನೇ ನೋಡಿದರು. ಹಣೆಯ ತುಂಬ ಕುಂಕುಮ, ಮೇಲೆ ಹೆಲ್ಮೆಟ್ಟು, ಹಿಂದುಮುಂದಾದ ಅಂಗಿ, ಪ್ರತಿ ತುಳಿತಕ್ಕೂ ತೊಡೆಗೆ ಬಡಿಯುವ ತೆಂಗಿನಕಾಯಿ. ನೋಡದೆ ಇನ್ನೇನು ಮಾಡುತ್ತಾರೆ.

ನಿಲಂಗಾ ಇನ್ನೂ ಎಂಟು ಕಿಲೋಮೀಟರು ಇರುವಾಗ ಕುರಿ ಹಿಂಡು ಅಡ್ಡ ಬಂತು. ರಸ್ತೆಯ ಈ ಬದಿಯಿಂದ ಆ ಬದಿಯವರೆಗೂ ಕುರಿ. ಕುರಿಗಾರನ ಹೆಂಡತಿ ಇರಬೇಕು, ಹಣೆಗೆ ಭಂಡಾರದ ಅರಿಷಿಣ ಹಚ್ಚಿಕೊಂಡ ಗಟ್ಟಿ ಹೆಂಗಸು, ಕೋಲು ಊರಿ ನಿಂತು ನನ್ನ ಹೊಟ್ಟೆಯನ್ನೇ ದಿಟ್ಟಿಸಿದಳು. ಆಮೇಲೆ ಕನ್ನಡದಲ್ಲಿ ಬೈಯಲು ಶುರು ಮಾಡಿದಳು.

"ಎಷ್ಟು ತಿಂಗಳ ಆಗ್ಯಾವ ನಿನಗ? ಈ ಹೊಟ್ಟಿ ಹೊತ್ಕೊಂಡು ಸೈಕಲ್ ಹೊಡೀಲತ್ತೀ? ನಿನ್ನ ಗಂಡಗ ಬುದ್ಧಿ ಅದ ಏನಿಲ್ಲ?"

ಐವತ್ತೊಂದನೆಯ ವಯಸ್ಸಿನಲ್ಲಿ ನನಗೆ ಯಾರೂ ಇಷ್ಟು ದೊಡ್ಡ ಮರ್ಯಾದೆ ಕೊಟ್ಟಿರಲಿಲ್ಲ. ನಗು ತಡೆದುಕೊಂಡು, "ಹೊಟ್ಟಿ ಅಲ್ಲಬೇ, ಉಡಿ ಅದ. ತವರಮನಿಯಿಂದ ಹೊಂಟೀನಿ," ಎಂದು ಕಿಸೆ ಮುಟ್ಟಿ ತೋರಿಸಿದೆ. ಅವಳು ಹತ್ತಿರ ಬಂದು ತೆಂಗಿನಕಾಯಿಯನ್ನು ಬಡಿದು ನೋಡಿದಳು. ಅವಳ ಮುಖವೇ ಬದಲಾಯಿತು. ತುಂಬಿದ ಉಡಿಯವಳು ಎದುರಿಗೆ ಬಂದಿದ್ದಾಳೆ, ಸುಮ್ಮನೆ ಬಿಡುವುದು ಹೇಗೆ ಎಂದು ತನ್ನ ಸೊಂಟದ ಚೀಲದಿಂದ ಒಂದು ಹಿಡಿ ಜೋಳ ತೆಗೆದು ಬಲಗಿಸೆಗೆ ಹಾಕಿದಳು. ಬೀರಪ್ಪ ಕಾಯಲಿ ಎಂದಳು. ಆಮೇಲೆ ಕೋಲು ಎತ್ತಿ ಒಂದು ಕೂಗು ಹಾಕಿದಳು ನೋಡಿ, ಇಡೀ ಹಿಂಡು ಎರಡು ಪಾಲಾಗಿ ನಡುವೆ ದಾರಿ ಆಯಿತು. ಆ ದಾರಿಯಲ್ಲಿ ನಾನು ಒಬ್ಬಳೇ ಸೈಕಲ್ ತುಳಿದುಕೊಂಡು ಹೋದೆ. ಯಾವ ಮಂತ್ರಿಗೂ ಅಂಥ ದಾರಿ ಸಿಕ್ಕಿರಲಿಕ್ಕಿಲ್ಲ.

ನಿಲಂಗಾದಲ್ಲಿ ಗಂಟೆ ಎರಡಾಗಿತ್ತು. ಎರಡು ಬಾಳೆಹಣ್ಣು ನುಂಗಿ, ಬಾಟಲಿ ತುಂಬಿಸಿಕೊಂಡು, ಕೂರದೆ ಹೊರಟೆ. ಅಲ್ಲಿಂದ ಗಾಳಿ ಶುರುವಾಯಿತು. ಈ ಕಾಲದ ಮೂಡಣ ಗಾಳಿ. ನಾನು ಹೋಗಬೇಕಾದದ್ದೂ ಅತ್ತಲೇ. ತಾಸಿಗೆ ಹದಿನೈದು ಹೋಗಿ ಹದಿಮೂರಾಯಿತು, ಹನ್ನೆರಡಾಯಿತು. ಟೆಂಪೊ ಪಕ್ಕಕ್ಕೆ ಬಂತು. ಯಜಮಾನರು ಕಿಟಕಿಯಿಂದ ತಲೆ ಹಾಕಿ, "ತಾಯಿ, ಬಸಾಯ್ಚಂ ಕಾ?" ಎಂದರು. ಮರಾಠಿಯವರು ಅಕ್ಕನನ್ನು ತಾಯಿ ಎನ್ನುತ್ತಾರೆ; ಅಕ್ಕಾ, ಕೂಡ್ತೀರೇನು ಎಂದು ಕೇಳಿದ್ದು. ನಾನು ಮುಂದೆ ನೋಡಿಕೊಂಡೇ ಕೈ ಅಲ್ಲಾಡಿಸಿದೆ. ಇನ್ನೊಂದು ತಾಸಿನ ಮೇಲೆ ಮತ್ತೆ ಕೇಳಿದರು. ಆಗ ಕೈ ಅಲ್ಲಾಡಿಸಲೂ ತ್ರಾಣ ಇರಲಿಲ್ಲ.

ನಾಲ್ಕೂ ಮುಕ್ಕಾಲಿಗೆ ಒಂದು ಏರಿನ ನಡುವೆ ಎಡಗಾಲು ಹಿಡಿದುಕೊಂಡಿತು. ಇಳಿದೆ ಎನ್ನುವುದಕ್ಕಿಂತ ಬಿದ್ದೆ ಎನ್ನಬೇಕು. ಹೇಗೋ ಒಂದು ಸಣ್ಣ ಸೇತುವೆಯ ಕಟ್ಟೆಯ ಮೇಲೆ ಕೂತೆ. ಮೀನಖಂಡ ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಟೆಂಪೊ ನಿಂತಿತು. ಯಜಮಾನರು ಇಳಿದು ಹಿಂದಿನ ಬಾಗಿಲು ತೆರೆದರು. ಒಳಗೆ ಹಾಸಿಗೆಗಳ ಸುರುಳಿ, ಮೆತ್ತಗೆ, ನೆರಳು. ನನಗೆ ಅಳು ಬಂತು. ಅತ್ತುಬಿಟ್ಟೆ. ಅವರು ಆಚೆ ತಿರುಗಿ ನಿಂತು ತೊಗರಿ ಕೊಯ್ದ ಹೊಲ ನೋಡುತ್ತಿದ್ದರು.

ಇದೇ ರಸ್ತೆಯಲ್ಲಿ ಮದುವೆಯಾದ ಮರುದಿನ ನನ್ನನ್ನು ಒಂದು ಜೀಪಿನ ಹಿಂದಿನ ಸೀಟಿನಲ್ಲಿ ಒಯ್ದಿದ್ದರು. ಆ ಕಡೆ ಟ್ರಂಕು, ಈ ಕಡೆ ಅತ್ತೆಯ ತಂಗಿ, ನಡುವೆ ನಾನು. ಡೀಸೆಲ್ ವಾಸನೆ ತಡೆಯದೆ ಸೆರಗಿನಿಂದ ಮೂಗು ಮುಚ್ಚಿಕೊಂಡಿದ್ದೆ. ಗಾಡಿ ನಿಲ್ಲಿಸಿ ಎನ್ನಲು ಧೈರ್ಯ ಇರಲಿಲ್ಲ. ಮುಂದೆ ಕೂತವರು ಎಲ್ಲಿ ಚಹಾ ಕುಡಿಯಬೇಕು, ಎಲ್ಲಿ ನಿಲ್ಲಬೇಕು ಎಂದು ತಮ್ಮೊಳಗೇ ಮಾತಾಡಿಕೊಂಡರು. ಹಿಂದೆ ಯಾರೂ ಕೇಳಲಿಲ್ಲ. ಕೆಟ್ಟವರಲ್ಲ ಅವರು. ಟ್ರಂಕನ್ನೂ ಕೇಳಿರಲಿಲ್ಲ. ಅದು ನೆನಪಾಗಿ ಅಳು ನಿಂತಿತು, ಅದರ ಜಾಗದಲ್ಲಿ ಒಳ್ಳೆಯ ಕೆಂಡದಂಥ ಸಿಟ್ಟು ಬಂತು. ನನ್ನ ಸಿಟ್ಟಿನ ಬಗ್ಗೆ ನಮ್ಮ ಶಾಲೆಯಲ್ಲಿ ಎಲ್ಲರೂ ದೂರುತ್ತಾರೆ. ಅವತ್ತು ಅದು ಕೆಲಸಕ್ಕೆ ಬಂತು.

"ಕಿತೀ?" ಎಂದೆ. ಎಷ್ಟು ಉಳಿದಿದೆ?

ಯಜಮಾನರು ತಿರುಗದೆಯೇ ಹೇಳಿದರು, ಹದಿನೇಳು ಕಿಲೋಮೀಟರು, ಎಪ್ಪತ್ತು ನಿಮಿಷ. ಹದಿನಾಲ್ಕೂವರೆಯ ಲೆಕ್ಕ. ಕಾಲು ತಿಕ್ಕಿಕೊಂಡು ಎದ್ದೆ. ಅವರು ತೆರೆದ ಬಾಗಿಲನ್ನು ಮುಚ್ಚಿದರು. ಸೈಕಲನ್ನು ಏರಿನ ಮೇಲಿನವರೆಗೂ ನಾನೇ ತಳ್ಳಿಕೊಂಡು ಹೋದೆ. ತಳ್ಳುವುದಕ್ಕೆ ಅವರ ಕಾನೂನಿನಲ್ಲಿ ಅಡ್ಡಿ ಇರಲಿಲ್ಲ. ಮೇಲೆ ಹೋಗಿ ಹತ್ತಿದಾಗ ಅರವತ್ತು ನಿಮಿಷ ಉಳಿದಿತ್ತು.

ಮುಂದಿನದು ನನಗೆ ಸರಿಯಾಗಿ ನೆನಪಿಲ್ಲ, ನೆನಪಿರುವುದು ಇಷ್ಟು. ಬಿಸಿಲು ಇಳಿದಂತೆ ಗಾಳಿಯೂ ಇಳಿಯಿತು. ನನ್ನ ನೆರಳು ನನ್ನ ಮುಂದೆ ಉದ್ದವಾಗಿ ಓಡುತ್ತಿತ್ತು, ಅದರ ಹೊಟ್ಟೆಯೂ ದಪ್ಪಗಿತ್ತು. ಹಿಂದೆ ಟೆಂಪೊದ ಸದ್ದು ಒಂದೇ ದೂರದಲ್ಲಿ ಕೇಳುತ್ತಿತ್ತು, ಆದರೆ ಪಕ್ಕಕ್ಕೆ ಮಾತ್ರ ಬರಲಿಲ್ಲ. ಬಸಾಯ್ಚಂ ಕಾ ಎಂದು ಮೂರನೆಯ ಸಲ ಕೇಳಲಿಲ್ಲ. ನಾನು ಗಟ್ಟಿಯಾಗಿ ಮಗ್ಗಿ ಹೇಳುತ್ತ ತುಳಿದೆ, ಹದಿನೇಳರ ಮಗ್ಗಿ. ಆರು ಗಂಟೆಗೆ ನಾಲ್ಕು ನಿಮಿಷ ಇರುವಾಗ, ಉದಗೀರದ ಹೊರಗೆ ನಮ್ಮ ಮುಕ್ಕಾಮಿದ್ದ ಮಂಗಲ ಕಾರ್ಯಾಲಯದ, ಅಂದರೆ ಮದುವೆ ಹಾಲಿನ, ಗೇಟಿನೊಳಗೆ ಬ್ರೇಕು ಹಿಡಿದೆ. ಏಳು ಜನ ಸವಾರರು ಊಟದ ತಟ್ಟೆ ಬಡಿದು ಗದ್ದಲ ಎಬ್ಬಿಸಿದರು. ಯಜಮಾನರು ಟೆಂಪೊದಿಂದ ಇಳಿದು ಬಂದು ನನಗೊಂದು ಸಲ್ಯೂಟ್ ಹೊಡೆದರು. ತಮಾಷೆಗಲ್ಲ, ನಿಜವಾದದ್ದು.

ಗೇಟಿನ ಹತ್ತಿರ ನನ್ನ ಗಂಡ ಸ್ಕೂಟರ್ ಹಿಡಿದುಕೊಂಡು ನಿಂತಿದ್ದರು. ಮನೆ ಅಲ್ಲಿಂದ ಎರಡು ಕಿಲೋಮೀಟರು. "ಬಾ, ಕೂಡು," ಎಂದರು, ಪಾಪ, ಮೂವತ್ತು ವರ್ಷದ ಅಭ್ಯಾಸ. ನಾನು ನೋಡಿದ ನೋಟಕ್ಕೆ ಸುಮ್ಮನೆ ಸ್ಕೂಟರ್ ಚಾಲೂ ಮಾಡಿ ನನ್ನ ಹಿಂದೆ ಬಂದರು. ಉದಗೀರದ ಚೌಕಿನಲ್ಲಿ ಪರಿಚಯದವರೊಬ್ಬರು ಏನ್ರೀ ಇದು ಎಂದು ಅವರನ್ನು ಕೇಳಿದರಂತೆ. "ಹೆಂಡ್ತಿ ತವರಮನಿಯಿಂದ ಬರ್ಲತ್ತಾಳ್ರಿ," ಎಂದರಂತೆ ಇವರು. ಮನೆಯಲ್ಲಿ ದೇವರ ಮುಂದೆ ಉಡಿ ಬಿಚ್ಚಿದೆ. ಅಕ್ಕಿಯ ಗಂಟು ಬೆವರಿನಿಂದ ತೊಯ್ದು ತೊಪ್ಪೆಯಾಗಿತ್ತು. ಇವರು ಅದನ್ನು ಎತ್ತಿ ಹಿಡಿದು ನೋಡಿ, "ಅನ್ನಕ್ಕ ಉಪ್ಪು ಹಾಕೂದು ಬ್ಯಾಡ," ಎಂದರು.

ಅಷ್ಟರಲ್ಲಿ ಅವ್ವನ ಫೋನು ಬಂತು. ನನ್ನನ್ನು ಕಳಿಸಿದ ದಿನ ಅವಳು ಅಳಿಯನಿಗೇ ಫೋನು ಮಾಡುತ್ತಾಳೆ. ಇವರು ಫೋನನ್ನು ನನ್ನ ಕೈಗೆ ಕೊಟ್ಟರು.

"ಮುಟ್ಟಿದೇನು?"

"ಮುಟ್ಟೀನವ್ವ."

"ಗಾಡಿ ಹತ್ತಲಿಲ್ಲ?"

"ಇಲ್ಲವ್ವ. ಒಬ್ಬಾಕಿನೇ ಬಂದೀನಿ, ಉಡಿನೂ ತಂದೀನಿ."

ಅವ್ವ ಮೆಲ್ಲಗೆ ಹೇಳಿದಳು: "ಮಾಕಣಿಗಿ ಹೋಗಬೇಕಾಗೇದ ನನಗ. ನೀ ಬರ್ತೀಯೇನು ಕರೀಲಾಕ?"

ಮಾಕಣಿ ಅವ್ವನ ತವರು. ದಾಳಿಂಬದಿಂದ ಬಸ್ಸಿನಲ್ಲಿ ಅರ್ಧ ದಿನವೂ ಬೇಡ. ಅವಳನ್ನು ಕರೆಯಲು ಬರುತ್ತಿದ್ದ ಸೋದರಮಾವ ತೀರಿಕೊಂಡು ಎಂಟು ವರ್ಷ. ಆ ಎಂಟು ವರ್ಷ ಅವ್ವ ಅಲ್ಲಿಗೆ ಹೋಗಿಲ್ಲ, ಯಾಕೆಂದರೆ ಕರೆಯಲು ಯಾರೂ ಬಂದಿಲ್ಲ. ಅಣ್ಣ ಎಷ್ಟೋ ಸಲ ಬಿಟ್ಟು ಬರುತ್ತೇನೆ ಎಂದಿದ್ದಾನೆ. ಅವಳು ಒಪ್ಪಿಲ್ಲ. ಬಿಡುವುದು ಬೇರೆ, ಕರೆಯುವುದು ಬೇರೆ; ಕರೆಯಲು ಹೊರಗಿನಿಂದ ಒಬ್ಬರು ಬರಬೇಕು. ನಾನು ಇಡೀ ದಿನ ಯಾರೂ ಒಯ್ಯದ ಹಾಗೆ ಹೋಗಬೇಕೆಂದು ಹಲ್ಲು ಕಚ್ಚಿ ತುಳಿದಿದ್ದೆ. ಅವ್ವ ಎಂಟು ವರ್ಷದಿಂದ ಯಾರಾದರೂ ಬಂದಾರೇ ಎಂದು ದಾರಿ ನೋಡುತ್ತಿದ್ದಳು. ನನಗೆ ನಾಚಿಕೆಯಾಯಿತು. "ಬರ್ತೀನವ್ವ," ಎಂದೆ.

ಇನ್ನು ಆರು ದಿನ ತುಳಿದು ಸಮುದ್ರ ಮುಟ್ಟಿದೆ, ಪೂರ್ತಿ, ಒಂದು ಗಾಲಿಯ ಸುತ್ತೂ ಟೆಂಪೊದಲ್ಲಿ ಹೋಗದೆ. ರೈಲಿನಲ್ಲಿ ಉದಗೀರಕ್ಕೆ ಮರಳಿದ ಎರಡನೆಯ ದಿನ ಬೆಳಗಿನ ಬಸ್ಸು ಹತ್ತಿ ದಾಳಿಂಬಕ್ಕೆ ಹೋದೆ. ಅವ್ವ ಗಂಟು ಕಟ್ಟಿಕೊಂಡು ಹೊಸ ಇಳಕಲ್ ಸೀರೆ ಉಟ್ಟು ಕೂತಿದ್ದಳು. ನಾನು ಅಂಗಳಕ್ಕೆ ಕಾಲಿಡುತ್ತಿದ್ದಂತೆ ಎದ್ದು ಬಂದು, ಕರೆಯಲು ಬಂದವರಿಗೆ ಇಡುವ ಹಾಗೆ, ಕಾಲಿಗೆ ನೀರು ಇಟ್ಟಳು. ಪಕ್ಕದ ಮನೆಯವಳು ಗೋಡೆಯ ಆಚೆಯಿಂದ, ಯಾರು ಬಂದಾರ ಎಂದು ಕೇಳಿದಳು.

ಅವ್ವ ಓಣಿಗೆಲ್ಲ ಕೇಳುವ ಹಾಗೆ ಹೇಳಿದಳು: "ನನ್ನ ಕರೀಲಾಕ ಬಂದಾರ."